ಗೋವಾದ ಅಣ್ಣನಿಗೆ, ಮತ್ತೆ ನಿಮಗೆಲ್ಲ

ಮೊನ್ನೆ ಗೋವಾದ ಫತೋರ್ಡಾ ಸ್ಟೇಡಿಯಮ್ಮಿನಲ್ಲಿ ಪೂರ್ತಿ ಫುಟ್ಬಾಲ್ ಪಂದ್ಯ ನೋಡಿದೆ. ಕೊನೆಯ ಸೀಟಿ ಊದುವವರೆಗೂ ಎದ್ದು ಬರಲಿಲ್ಲ. ಪಂದ್ಯಕ್ಕೆ ಹೋಗಿ ಗೇಟಿನ ನೂಕಾಟದಲ್ಲಿ ಸಿಕ್ಕಿಕೊಂಡ ಆ ರಾತ್ರಿಯ ನಂತರ ಗೋವಾದಲ್ಲಿ ಇದು ನನ್ನ ಮೊದಲ ಪಂದ್ಯ. ಅದಕ್ಕೇ ಈ ಬರಹ.

ಏನಾಯಿತು ಅಂತ ನಿಮಗೆಲ್ಲ ಗೊತ್ತು. ಬಾಟಲಿ ಯಾರು ಎಸೆದರು, ಗೇಟು ಯಾಕೆ ಅರ್ಧವೇ ತೆರೆದಿತ್ತು, ಅದೆಲ್ಲ ಮತ್ತೆ ಬೇಡ. ಪಕ್ಕೆಲುಬಿನ ಕತೆಯೂ ಸಾಕು. ನಾನು ಹೇಳಬೇಕಿರುವುದು ಒಬ್ಬ ಮನುಷ್ಯನ ಬಗ್ಗೆ. ಹೆಸರು ಹಾಕಬೇಡ ಅಂದಿದ್ದಾನೆ, ಅಣ್ಣ ಅಂತಲೇ ಬರೆಯುತ್ತೇನೆ.

ಅಣ್ಣ ಜುವಾರಿನಗರದವನು. ಅಪ್ಪ ಅವ್ವ ಬಾದಾಮಿ ಕಡೆಯಿಂದ ಕೂಲಿಗೆ ಬಂದವರು. ಇವನು ಹುಟ್ಟಿದ್ದು, ಬೆಳೆದದ್ದು ಗೋವಾದಲ್ಲೇ. ಬೆಂಬಲವೂ ಗೋವಾಕ್ಕೇ. ಅವತ್ತು ಅವನದು ಗೋವಾ ತಂಡದ ಕಿತ್ತಳೆ ಜೆರ್ಸಿ, ನನ್ನದು ಬೆಂಗಳೂರು ತಂಡದ ನೀಲಿ. ನೂಕಾಟದಲ್ಲಿ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅವ್ವಾ ಅಂತ ಕೂಗುತ್ತಿದ್ದೆ. ಹಿಂದಿನಿಂದ ಯಾರೋ ತೋಳು ಹಿಡಿದರು. "ಒದರಬ್ಯಾಡ, ಉಸಿರು ಉಳಸ್ಕೋ. ಎರಡೂ ಕೈ ಎದಿ ಮುಂದ ತಗೋ" ಅಂದರು. ನಮ್ಮ ಹುಬ್ಬಳ್ಳಿ ಕಡೆಯ ಮಾತು!

ಆಮೇಲೆ ಓದಿ ತಿಳಿದುಕೊಂಡೆ. ಇಂಥ ಇಕ್ಕಟ್ಟಿನಲ್ಲಿ ತುಳಿತಕ್ಕಿಂತ ಜಾಸ್ತಿ ಅಪಾಯ ಒತ್ತಡದ್ದು. ಎದೆ ಹಿಗ್ಗಲು ಜಾಗ ಸಿಗದೆ ಮನುಷ್ಯ ನಿಂತಲ್ಲೇ ಉಸಿರು ಕಳೆದುಕೊಳ್ಳುತ್ತಾನೆ. ಕೈ ಮುಂದಿದ್ದರೆ ಒಂದಿಷ್ಟು ಜಾಗ ಉಳಿಯುತ್ತದೆ. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ಗೆ ಆ ಊರಿನದೇ ಎರಡು ಫುಟ್ಬಾಲ್ ತಂಡಗಳ ಪಂದ್ಯ (ಡರ್ಬಿ) ನೋಡಲು ಹೋದವರಲ್ಲಿ 16 ಜನ ಮನೆಗೆ ಬರಲೇ ಇಲ್ಲ. ನಾನು ಬಂದೆ. ಅಣ್ಣನಿಂದ ಬಂದೆ.

ಆಸ್ಪತ್ರೆಗೆ ಸೇರಿಸಿದ್ದೂ ಅವನೇ. ರೋಗಿಗೆ ಏನಾಗಬೇಕು ಅಂತ ಕೇಳಿದ್ದಕ್ಕೆ 'ಅಣ್ಣ' ಅಂತ ಬರೆಸಿದ. ರಾತ್ರಿಯಿಡೀ ಪಕ್ಕದಲ್ಲಿ ಕೂತ. ಕಣ್ಣು ಮುಚ್ಚಿದರೆ ನನಗೆ ಅದೇ ಗೇಟು ಕಾಣುತ್ತಿತ್ತು. ಅದಕ್ಕೆ ಮಾತಾಡಿಸುತ್ತಲೇ ಇದ್ದ. 2019ರಲ್ಲಿ ಮುಂಬೈಯಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ 117ನೇ ನಿಮಿಷಕ್ಕೆ ನಮ್ಮ ತಂಡದ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಇದೆಯಲ್ಲ, ಅದನ್ನೂ ನನ್ನಿಂದ ಹೇಳಿಸಿದ. ಅವನ ತಂಡ ಸೋತ ಪಂದ್ಯ ಅದು. ನನಗೆ ಖುಷಿಯಾಗಲಿ ಅಂತ ಪೂರ್ತಿ ಕೇಳಿದ. ಬೆಳಿಗ್ಗೆ ನಿದ್ದೆಯಿಲ್ಲದೆ ಹಾಗೇ ಪೇಂಟಿಂಗ್ ಕೆಲಸಕ್ಕೆ ಹೋದ.

ವಾಸ್ಕೋ ರೈಲು ಹತ್ತಿ ಓಡಿ ಬಂದ ತಮ್ಮ, ನಮ್ಮ ತಂಡದ ಅಭಿಮಾನಿ ಬಳಗವಾದ ವೆಸ್ಟ್ ಬ್ಲಾಕ್ ಗೆಳೆಯರು, ನರ್ಸ್ ಅಕ್ಕಂದಿರು, ಕೇಳುವ ಮೊದಲೇ ರಜೆ ಕೊಟ್ಟ ಆಫೀಸಿನವರು, ಎಲ್ಲರಿಗೂ ಕೈ ಮುಗಿಯುತ್ತೇನೆ.

ನನಗೆ ಇನ್ನೂ ಭಯ ಹೋಗಿಲ್ಲ. ಮೊನ್ನೆ ಗೋಲಿಗೆ ಜನ ಒಟ್ಟಿಗೆ ಎದ್ದಾಗ ಮೈಯೆಲ್ಲ ನಡುಗಿತು. ಓಡಿಬಿಡಬೇಕು ಅನ್ನಿಸಿತು. ಪಂದ್ಯ ಅಂದರೆ ಸಾಕು, ಅವ್ವ ಈಗಲೂ ಮಾತು ನಿಲ್ಲಿಸುತ್ತಾಳೆ. ಆಟ ನೋಡಲು ಹೋದವರು ಸಾಯಬಾರದು. ಯಾವ ಬಣ್ಣ ಹಾಕಿದವರೂ ಸಾಯಬಾರದು, ಅಲ್ವಾ? ಅಣ್ಣ ಪಕ್ಕದಲ್ಲೇ ಇದ್ದ. ಬೆನ್ನ ಮೇಲೆ ಕೈ ಇಟ್ಟ. ಸ್ವಲ್ಪ ಹೊತ್ತಿಗೆ ಸರಿಹೋಯಿತು.

ಪಂದ್ಯ ಮುಗಿದ ಮೇಲೆ ಅವನ ಮನೆಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಊಟ ಮಾಡಿದೆವು. ಗೋವಾ ತಂಡ ಮುಂದಿನ ಸಲ ಕಂಠೀರವಕ್ಕೆ ಬಂದಾಗ ಅವನೂ ಬರುತ್ತಾನೆ, ಕಿತ್ತಳೆ ಜೆರ್ಸಿಯಲ್ಲೇ. ಗೆಳೆಯರೇ, ಅವತ್ತು ಗಂಟಲು ಹರಿಯುವಂತೆ ಕೂಗೋಣ, ಅವನ ತಂಡವನ್ನು ಸೋಲಿಸೋಣ. ಆದರೆ ಬರುವಾಗ, ಹೋಗುವಾಗ ಅವನಿಗೆ ದಾರಿ ಬಿಡಿ. ಕರೆತರಲು ಯಶವಂತಪುರ ಸ್ಟೇಷನ್ನಿಗೆ ನಾನು ಹೋಗುತ್ತೇನೆ. ನನ್ನ ಜೊತೆ ಯಾರು ಬರುತ್ತೀರಿ, ಹೇಳಿ.