ಎತ್ತರಿಸಿದ ಪಿಕಪ್‌ಗಳ ಅಡಿಗೂ ಒಮ್ಮೆ ಬಗ್ಗಿ ನೋಡಿ

ಮಾನ್ಯರೇ,

ಕಾಫಿ ಕೊಯ್ಲು ಹತ್ತಿರ ಬಂತೆಂದರೆ ಮೂಡಿಗೆರೆ ಸುತ್ತಿನ ಗ್ಯಾರೇಜ್‌ಗಳಿಗೆ ಬಿಡುವೇ ಇರುವುದಿಲ್ಲ. ತೋಟದ ಜೀಪು, ಪಿಕಪ್ಪುಗಳೆಲ್ಲ ಸರ್ವಿಸಿಗೆ ಬಂದು ಸಾಲಾಗಿ ನಿಲ್ಲುತ್ತವೆ. ನನ್ನದೂ ಅಂಥದೇ ಒಂದು ಸಣ್ಣ ಗ್ಯಾರೇಜು. ಈಚೆಗೆ ಬ್ರೇಕು, ಕ್ಲಚ್ಚಿನ ಕೆಲಸದ ಜೊತೆ ಇನ್ನೊಂದು ಬೇಡಿಕೆ ಜಾಸ್ತಿಯಾಗಿದೆ. ‘ಗಾಡಿ ಎರಡು ಇಂಚು ಎತ್ತಿಸಿ, ದೊಡ್ಡ ಟೈರ್ ಹಾಕಿಕೊಡಿ’ ಅನ್ನುತ್ತಾರೆ ಹುಡುಗರು. ಲಿಫ್ಟ್ ಕಿಟ್ ಆನ್‌ಲೈನಲ್ಲಿ ತರಿಸಿಕೊಂಡೇ ಬಂದಿರುತ್ತಾರೆ. ಎತ್ತರಿಸಿದ ಗಾಡಿ ನೋಡಲು ಚೆನ್ನಾಗಿರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರ ಅಡಿಯಲ್ಲಿ ಏನಾಗುತ್ತದೆ ಅನ್ನೋದನ್ನು ಯಾರೂ ಕೇಳುವುದಿಲ್ಲ.

ಯಾಕೆ ಬೇಕು ಅಂದರೆ ಎಲ್ಲರದೂ ಒಂದೇ ಉತ್ತರ, ‘ತೋಟದ ರಸ್ತೆ ಸರಿಯಿಲ್ಲ, ಕಲ್ಲು ತಾಗುತ್ತೆ’. ಕಲ್ಲು ತಾಗುವುದು ನಿಜ. ತಾಗುವುದು ಎಲ್ಲಿಗೆ? ಹಿಂದಿನ ಆಕ್ಸಲ್ ನಡುವೆ ಬುರುಡೆಯ ಹಾಗೆ ಕಾಣುವ ಡಿಫರೆನ್ಷಿಯಲ್ ಹೌಸಿಂಗ್‌ಗೆ, ಅಂದರೆ ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರುಗಳ ಪೆಟ್ಟಿಗೆಗೆ. ಉದ್ದದ ಶಾಕಲ್ (ಸ್ಪ್ರಿಂಗ್ ಪಟ್ಟಿಯನ್ನು ಚಾಸಿಗೆ ತಗುಲಿಸುವ ಕೊಂಡಿ) ಹಾಕಿ, ಇಲ್ಲವೇ ಸ್ಪ್ರಿಂಗಿಗೆ ಇನ್ನೊಂದು ಲೀಫ್ ಪ್ಲೇಟ್ ಸೇರಿಸಿ ಎತ್ತರಿಸಿದರೆ ಮೇಲೆ ಹೋಗುವುದು ಚಾಸಿ ಮತ್ತು ಬಾಡಿ ಮಾತ್ರ. ಆಕ್ಸಲ್ ಇದ್ದಲ್ಲೇ ಇರುತ್ತದೆ. ದುಡ್ಡು ಖರ್ಚು ಮಾಡಿದ ಮೇಲೂ ಅದೇ ಕಲ್ಲು ಅದೇ ಹೌಸಿಂಗ್‌ಗೆ ಬಡಿಯುತ್ತದೆ. ಹೌಸಿಂಗ್ ಮೇಲೆ ಬರಬೇಕಾದರೆ ಟೈರೇ ದೊಡ್ಡದಾಗಬೇಕು.

ಟೈರಿನ ಲೆಕ್ಕವನ್ನೂ ನೋಡಿ. ಗಾಡಿಗೆ ಮೊದಲಿದ್ದದ್ದು 245/70 ಆರ್16 ಅಂದುಕೊಳ್ಳಿ, ಆ ಟೈರಿನ ಎತ್ತರ ಸುಮಾರು 749 ಮಿಲಿಮೀಟರ್. ಹುಡುಗರು ಕೇಳುವ 285/75 ಆರ್16 ಸುಮಾರು 834. ವ್ಯತ್ಯಾಸ 85 ಮಿಲಿಮೀಟರ್. ಅದರಲ್ಲಿ ಅರ್ಧ ಆಕ್ಸಲಿನ ಮೇಲಕ್ಕೆ ಹೋಯಿತು. ನೆಲದಿಂದ ಹೌಸಿಂಗ್‌ಗೆ ಸಿಕ್ಕಿದ್ದು ನಾಲ್ಕು ಸೆಂಟಿಮೀಟರ್ ಚಿಲ್ಲರೆ, ಅಷ್ಟೇ. ಇದಕ್ಕೆ ಕೊಡುವ ಬೆಲೆ ಏನು? ಮೀಟರಿನಲ್ಲಿ 60 ತೋರಿಸುವಾಗ ಗಾಡಿ ಓಡುತ್ತಿರುವುದು 67ರ ಹತ್ತಿರ. ಚಕ್ರ ದೊಡ್ಡದು, ತೂಕವೂ ಜಾಸ್ತಿ, ನಿಲ್ಲಿಸಬೇಕಾದ ಬ್ರೇಕು ಮಾತ್ರ ಹಳೆಯದೇ. ಏರಿನಲ್ಲಿ ಎರಡನೇ ಗೇರಿನಲ್ಲಿ ಹೋಗುತ್ತಿದ್ದ ಗಾಡಿ ಮೊದಲನೆಯದನ್ನು ಕೇಳುತ್ತದೆ. ಆಮೇಲೆ ‘ಮೈಲೇಜ್ ಬಿದ್ದೋಯ್ತು’ ಅಂತ ನಮ್ಮ ಹತ್ತಿರವೇ ಬರುತ್ತಾರೆ. ನೂರು ಕಿಲೋಮೀಟರ್ ಓಡಿದರೆ ಮೀಟರ್ 90 ಅಂತ ಬರೆದುಕೊಳ್ಳುತ್ತದಲ್ಲ, ಅದೂ ಆ ಲೆಕ್ಕದಲ್ಲಿ ಸೇರಿದೆ.

ನನಗೆ ನಿಜಕ್ಕೂ ಭಯ ಇರುವುದು ಬೇರೆ ವಿಷಯದ ಬಗ್ಗೆ. ಬಹಳಷ್ಟು ಪಿಕಪ್‌ಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಗೆ ಒಂದು ಸಣ್ಣ ಸರಳು ಹೋಗಿರುತ್ತದೆ. ಅದರ ತುದಿಯಲ್ಲಿ ಒಂದು ಬ್ರೇಕ್ ವಾಲ್ವ್. ನಾವು ಎಲ್‌ಎಸ್‌ಪಿವಿ ಅನ್ನುತ್ತೇವೆ. ಗಾಡಿ ಖಾಲಿ ಇದ್ದಾಗ ಹಿಂದಿನ ಚಕ್ರಕ್ಕೆ ಜಾಸ್ತಿ ಬ್ರೇಕ್ ಹೋದರೆ ಚಕ್ರ ಲಾಕಾಗಿ ಗಾಡಿ ಅಡ್ಡ ತಿರುಗುತ್ತದೆ. ಅದಕ್ಕೆ ಈ ವಾಲ್ವ್ ಹಿಂದಿನ ಪ್ರೆಶರ್ ಕಡಿಮೆ ಮಾಡಿ ಇಟ್ಟಿರುತ್ತದೆ. ಲೋಡ್ ಬಿದ್ದು ಚಾಸಿ ಕೆಳಗಿಳಿದಾಗ ಸರಳು ವಾಲ್ವನ್ನು ಸರಿಸುತ್ತದೆ, ಹಿಂದಕ್ಕೆ ಪೂರ್ತಿ ಬ್ರೇಕ್ ಸಿಗುತ್ತದೆ. ಈಗ ನೀವು ಚಾಸಿಯನ್ನು ಎರಡು ಇಂಚು ಎತ್ತಿಬಿಟ್ಟಿರಿ, ಸರಳನ್ನು ಹಾಗೇ ಬಿಟ್ಟಿರಿ ಅಂದುಕೊಳ್ಳಿ. ಗೊಬ್ಬರದ ಮೂಟೆ ತುಂಬಿದ್ದರೂ ವಾಲ್ವಿಗೆ ಗಾಡಿ ಖಾಲಿಯೇ. ಅದೇ ಗಾಡಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಮುಂದಿನ ಬ್ರೇಕೇ ಎಲ್ಲ ಭಾರ ಹೊರಬೇಕು. ಕೆಳಗೆ ಮುಟ್ಟುವಷ್ಟರಲ್ಲಿ ಡಿಸ್ಕ್ ಸುಟ್ಟ ವಾಸನೆ.

ಬೇರೆ ಊರಲ್ಲಿ ಎತ್ತಿಸಿಕೊಂಡು ಬಂದು ‘ಬ್ರೇಕ್ ಹಿಡಿಯುತ್ತಿಲ್ಲ’ ಅಂದವರ ಗಾಡಿಯ ಅಡಿಗೆ ಹೋಗಿ ನೋಡಿದ್ದೇನೆ. ಸರಳು ಕೆಳಕ್ಕೆ ಜಗ್ಗಿ ನಿಂತಿತ್ತು. ಪಕ್ಕದ ಬ್ರೇಕ್ ಹೋಸ್ ಬಿಗಿಯಾಗಿ ತಂತಿಯಂತಾಗಿತ್ತು. ಕಿಟ್ ಕೂರಿಸಿದವರು ಶಾಕಲ್ ಬೋಲ್ಟ್‌ಗೆ ಹೊಳೆಯುವ ಬಣ್ಣ ಹಚ್ಚಿದ್ದರು, ವಾಲ್ವಿನ ಬ್ರಾಕೆಟ್ ಮುಟ್ಟಿಯೂ ಇರಲಿಲ್ಲ.

ಮುಂದಿನ ಕಡೆಯ ಕಥೆ ಬೇರೆ. ಫೋರ್‌ವೀಲ್ ಗಾಡಿಯಾದರೆ ಡ್ರೈವ್ ಶಾಫ್ಟ್ ಓರೆಯಾಗಿ ಅದರ ಕೀಲಿಗೆ ಮುಚ್ಚಿರುವ ರಬ್ಬರ್ ಚೀಲ, ಸಿವಿ ಬೂಟ್, ಹರಿಯುತ್ತದೆ, ಬಾಲ್ ಜಾಯಿಂಟ್ ಬೇಗ ಹೋಗುತ್ತದೆ, ಅಲೈನ್‌ಮೆಂಟ್ ಕೂರುವುದಿಲ್ಲ. ಹೆಡ್‌ಲೈಟ್ ಎದುರಿನವರ ಕಣ್ಣಿಗೇ ಹೊಡೆಯುತ್ತದೆ. ಅದನ್ನು ಕೆಳಗೆ ಇಳಿಸಲು ಒಂದು ಸ್ಕ್ರೂಡ್ರೈವರ್ ಸಾಕು. ಅದನ್ನೂ ಮಾಡಿಸುವುದಿಲ್ಲ, ಮೇಲಿಂದ ಎಲ್‌ಇಡಿ ಬಾರ್ ಬೇರೆ. ಘಾಟಿಯ ಮಂಜಿನಲ್ಲಿ ಎದುರು ಬರುವ ಬೈಕಿನವನ ಗತಿ ಏನು?

ಇನ್ನೊಂದು ಮಾತನ್ನು ತೋಟದ ಮಾಲೀಕರಿಗೇ ಹೇಳಬೇಕು. ಗಾಡಿ ಎತ್ತರವಾದಷ್ಟೂ ಕಾಫಿ ಮೂಟೆ ಹೊತ್ತು ಹಾಕುವವರ ಹೆಗಲು ಎತ್ತರವಾಗುವುದಿಲ್ಲ. 50 ಕೆ.ಜಿ. ಚೀಲವನ್ನು ಮೊದಲಿಗಿಂತ ಆರು ಬೆರಳು ಮೇಲೆ ಎತ್ತಿ ಎಸೆಯುವುದು ದಿನವಿಡೀ ಮಾಡುವವರಿಗೆ ಗೊತ್ತು. ಪ್ಲೇಟ್ ಸೇರಿಸಿದ್ದೇವೆ ಅಂತ ಲೋಡ್ ಜಾಸ್ತಿ ಹಾಕುವುದೂ ತಪ್ಪು. ಆರ್‌ಸಿಯಲ್ಲಿ ಬರೆದ ತೂಕ ಪ್ಲೇಟ್ ಹಾಕಿದ ಮಾತ್ರಕ್ಕೆ ಬದಲಾಗುವುದಿಲ್ಲ. ಮಳೆಗಾಲದ ಕೆಸರಿಗೆ ನಮ್ಮ ಹಳೇ ಜೀಪಿನವರು ಚಕ್ರಕ್ಕೆ ಚೈನ್ ಕಟ್ಟಿಕೊಂಡೇ ಹತ್ತುತ್ತಾರೆ. ಕಂಪನಿ ಅಳತೆಯಲ್ಲೇ ಒಳ್ಳೆ ಹಲ್ಲಿನ ಮಡ್ ಟೈರ್ ಮತ್ತು ಚೈನ್ ಇದ್ದರೆ ಮುಕ್ಕಾಲು ಪಾಲು ತೋಟಗಳಿಗೆ ಅಷ್ಟು ಸಾಕು.

ಕಾನೂನು ಏನೂ ಗುಟ್ಟಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂದಿದೆ. ಆದರೂ ಹಳದಿ ಬೋರ್ಡಿನ ಗಾಡಿಗಳು ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋಗುವ ಹಿಂದಿನ ದಿನ ಹಳೇ ಟೈರ್ ಹಾಕಿಸಿಕೊಳ್ಳುತ್ತವೆ, ಬಂದ ಮೇಲೆ ಮತ್ತೆ ದೊಡ್ಡದು. ರಸ್ತೆಯಲ್ಲಿ ತಪಾಸಣೆ ನಡೆದರೆ ಕಿವಿಗೆ ಬೀಳುವ ಸೈಲೆನ್ಸರ್ ಸಿಕ್ಕಿಬೀಳುತ್ತದೆ, ಅಡಿಯಲ್ಲಿರುವ ವಾಲ್ವ್ ಸಿಕ್ಕಿಬೀಳುವುದಿಲ್ಲ.

ಹಾಸನ ಮತ್ತು ಚಿಕ್ಕಮಗಳೂರಿನ ಆರ್‌ಟಿಒ ಕಚೇರಿಗಳಿಗೆ ನನ್ನ ಕೋರಿಕೆ ಇಷ್ಟೇ. ಎಫ್‌ಸಿ ವೇಳೆ ಪಿಕಪ್‌ಗಳ ಶಾಕಲ್, ಪ್ಲೇಟ್, ಎಲ್‌ಎಸ್‌ಪಿವಿ ಸರಳನ್ನು ಪಿಟ್‌ಗೆ ಇಳಿದು ನೋಡಲಿ. ಘಾಟಿ ಶುರುವಾಗುವ ಕಡೆ ವಾರಕ್ಕೊಂದು ಸಂಜೆಯಾದರೂ ಹೆಡ್‌ಲೈಟ್ ತಪಾಸಣೆ ಮಾಡಲಿ. ಯಾವ ಗಾಡಿಗೆ ಯಾವ ಅಳತೆಯ ಟೈರ್ ಕಂಪನಿಯೇ ಒಪ್ಪಿದೆ ಅನ್ನುವ ಪಟ್ಟಿಯನ್ನು ಕನ್ನಡದಲ್ಲಿ ಕಚೇರಿ ಮುಂದೆ ಹಾಕಲಿ. ಅದರದ್ದೊಂದು ಪ್ರತಿ ಗ್ಯಾರೇಜ್‌ಗಳಿಗೂ ಕೊಟ್ಟರೆ ಗೋಡೆಗೆ ಅಂಟಿಸಿಕೊಳ್ಳುತ್ತೇವೆ. ಗಿರಾಕಿಗಳ ಜೊತೆ ವಾದ ಮಾಡುವ ನಮ್ಮ ಅರ್ಧ ಕೆಲಸ ತಪ್ಪುತ್ತದೆ.

— ಒಬ್ಬ ಮೆಕ್ಯಾನಿಕ್, ಮೂಡಿಗೆರೆ