ಸೋರಿಕೆ ಹುಡುಕದೆ ಇನ್ನು ಎ.ಸಿ.ಗೆ ಗ್ಯಾಸ್ ತುಂಬುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಶರಣು ಶರಣಾರ್ಥಿ.

ಕಲಬುರಗಿ ನಗರದಲ್ಲೂ ಶಹಾಬಾದ್, ಸೇಡಂ, ಆಳಂದ, ಜೇವರ್ಗಿ ಕಡೆಯಲ್ಲೂ ನಮ್ಮಿಂದ ಎ.ಸಿ. ಸರ್ವಿಸ್ ಮಾಡಿಸುವ ಎಲ್ಲರಿಗೂ ಈ ಪತ್ರ.

ಯುಗಾದಿಯಿಂದ ನಮ್ಮ ಕೆಲಸದ ರೀತಿ ಬದಲಾಗುತ್ತಿದೆ. ಬರೀ ಗ್ಯಾಸ್ ಟಾಪ್ ಅಪ್ ಮಾಡಿ ಬರುವುದನ್ನು ನಿಲ್ಲಿಸುತ್ತಿದ್ದೇವೆ. ಗ್ಯಾಸ್ ಕಡಿಮೆಯಾಗಿದೆ ಅಂತ ಖಾತ್ರಿಯಾದರೆ ಮೊದಲು ಎಲ್ಲಿಂದ ಹೋಗಿದೆ ಅಂತ ಹುಡುಕುತ್ತೇವೆ. ಆ ಜಾಗವನ್ನು ಸರಿಮಾಡುತ್ತೇವೆ. ಆಮೇಲೆ ತೂಕ ಮಾಡಿ ಗ್ಯಾಸ್ ತುಂಬುತ್ತೇವೆ. ಇದಕ್ಕೆ ಹೊತ್ತು ಜಾಸ್ತಿ ಬೇಕು, ಆ ಸಲದ ಬಿಲ್ಲೂ ಜಾಸ್ತಿ ಬರುತ್ತದೆ. ಅದಕ್ಕೇ ಕಾರಣವನ್ನು ಬಿಡಿಸಿ ಹೇಳಬೇಕು ಅನಿಸಿತು.

ಮಾರ್ಚ್ ಬಂತೆಂದರೆ ನಮಗೆ ಬರುವ ಫೋನ್‌ಗಳಲ್ಲಿ ಒಂದು ಮಾತು ಇದ್ದೇ ಇರುತ್ತದೆ. "ಹೋದ ವರ್ಷ ಗ್ಯಾಸ್ ಹಾಕಿಸಿದ್ದೆವ್ರಿ, ಈ ವರ್ಷನೂ ಬಂದು ಹಾಕಿಬಿಡ್ರಿ." ಪ್ರತಿ ವರ್ಷ ಹಾಕಿಸಲೇಬೇಕಾದ ವಸ್ತು ಅದು ಅಂತ ತುಂಬಾ ಜನ ನಂಬಿದ್ದಾರೆ. ನಿಜ ಸಂಗತಿ ಬೇರೆ. ಎ.ಸಿ.ಯ ಗ್ಯಾಸ್ ಅಡುಗೆ ಸಿಲಿಂಡರಿನದರ ಹಾಗೆ ಉರಿದು ಮುಗಿಯುವುದಿಲ್ಲ. ಒಳಗಿನ ಕಾಯಿಲ್‌ನಲ್ಲಿ, ಅಂದರೆ ಸುರುಳಿ ಪೈಪಿನಲ್ಲಿ, ಅದು ಕುದಿದು ಕೋಣೆಯ ಶಾಖ ಹೀರಿಕೊಳ್ಳುತ್ತದೆ. ಹೊರಗಿನ ಕಾಯಿಲ್‌ನಲ್ಲಿ ಆ ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಪೈಪು, ಜಾಯಿಂಟು ಗಟ್ಟಿ ಇದ್ದರೆ ಹತ್ತು ವರ್ಷದ ನಂತರವೂ ಅಷ್ಟೇ ಇರಬೇಕು. ಕಡಿಮೆಯಾಗಿದೆ ಅಂದರೆ ಎಲ್ಲೋ ದಾರಿ ಸಿಕ್ಕಿ ಹೊರಗೆ ಹೋಗಿದೆ. ದಾರಿ ಮುಚ್ಚದೆ ಹೊಸದು ತುಂಬಿದರೆ ಅದೂ ಹೋಗುತ್ತದೆ, ನಿಮ್ಮ ದುಡ್ಡೂ ಅದರ ಜೊತೆಗೆ.

ಗ್ಯಾಸಿಗೆ ಕೊಡುವ ದುಡ್ಡಿಗಿಂತ ದೊಡ್ಡ ಹೊಡೆತ ಕಂಪ್ರೆಸರಿಗೆ, ಅಂದರೆ ಗ್ಯಾಸನ್ನು ಒತ್ತಿ ಸುತ್ತಿಸುವ ಭಾಗಕ್ಕೆ, ಬೀಳುತ್ತದೆ. ಒಳಗಿನ ಕಾಯಿಲ್‌ನಿಂದ ತಿರುಗಿ ಬರುವ ತಂಪು ಗ್ಯಾಸೇ ಕಂಪ್ರೆಸರಿನ ಮೋಟಾರನ್ನು ತಣ್ಣಗಿಡುತ್ತದೆ, ಎಣ್ಣೆಯನ್ನೂ ವಾಪಸ್ ತರುತ್ತದೆ. ಗ್ಯಾಸ್ ಕಡಿಮೆಯಿದ್ದಾಗ ಮೋಟಾರು ಬಿಸಿಯಾಗುತ್ತದೆ, ಎಣ್ಣೆ ಸರಿಯಾಗಿ ತಿರುಗಿ ಬರುವುದಿಲ್ಲ. ನಮ್ಮೂರಿನ 43, 44 ಡಿಗ್ರಿ ಬಿಸಿಲಿನಲ್ಲಿ ಅಂಥ ಯಂತ್ರವನ್ನು ಹಗಲು ರಾತ್ರಿ ಓಡಿಸಿದರೆ ಏನಾಗುತ್ತದೆ ಅಂತ ಊಹಿಸಬಹುದು ಅಲ್ವಾ. ಕಂಪ್ರೆಸರ್ ಸುಟ್ಟರೆ ಅದು ಎ.ಸಿ. ರಿಪೇರಿಯಲ್ಲಿ ಅತಿ ದುಬಾರಿ ಕೆಲಸ.

ಈಗ ಮುಖ್ಯ ವಿಷಯ. ಸೋರಿಕೆ ಇದೆಯೋ ಇಲ್ಲವೋ ಅಂತ ಮನೆಯಲ್ಲಿ ನೀವೇ ಸಾಕಷ್ಟು ಮಟ್ಟಿಗೆ ಗುರುತಿಸಬಹುದು. ನೀವು ಗುರುತಿಸುವಂತಾಗಬೇಕು ಅನ್ನುವುದು ನಮ್ಮ ಆಸೆ. ಯಾರೋ ಬಂದು "ಗ್ಯಾಸ್ ಇಲ್ಲ" ಅಂದ ತಕ್ಷಣ ನೀವು ದುಡ್ಡು ತೆಗೆಯಬಾರದು. ನಾವು ಬಂದು ಹೇಳಿದರೂ ಅಷ್ಟೇ, ಹೇಗೆ ಗೊತ್ತಾಯಿತು ಅಂತ ಕೇಳಿ.

ಮೊದಲು ತಂಪು ಯಾವ ರೀತಿ ಕಡಿಮೆಯಾಯಿತು ಅಂತ ನೆನಪು ಮಾಡಿಕೊಳ್ಳಿ. ಸೋರಿಕೆ ಸಾಮಾನ್ಯವಾಗಿ ನಿಧಾನದ ಕೆಲಸ. ಹೋದ ತಿಂಗಳು ಹದಿನೈದು ನಿಮಿಷಕ್ಕೆ ತಣ್ಣಗಾಗುತ್ತಿದ್ದ ಕೋಣೆ ಈಗ ಒಂದು ತಾಸು ತೆಗೆದುಕೊಳ್ಳುತ್ತದೆ, ಮುಂದಿನ ವಾರ ಇನ್ನೂ ಹೆಚ್ಚು. ನಿನ್ನೆ ರಾತ್ರಿ ಚೆನ್ನಾಗಿದ್ದ ಯಂತ್ರ ಇವತ್ತು ಬರೀ ಗಾಳಿ ಬೀಸುತ್ತಿದ್ದರೆ ಮೊದಲ ಅನುಮಾನ ಕೆಪ್ಯಾಸಿಟರ್ (ಮೋಟಾರು ಓಡಲು ನೆರವಾಗುವ ಬಿಡಿಭಾಗ), ಹೊರಗಿನ ಫ್ಯಾನ್ ಅಥವಾ ಎಲೆಕ್ಟ್ರಾನಿಕ್ ಕಾರ್ಡ್ ಮೇಲೆ ಇರಲಿ. ಪೈಪು ಒಡೆದರೆ ಮಾತ್ರ ಗ್ಯಾಸ್ ಒಂದೇ ದಿನದಲ್ಲಿ ಹೋಗುತ್ತದೆ.

ಇನ್ವರ್ಟರ್ ಎ.ಸಿ. (ಕಂಪ್ರೆಸರಿನ ವೇಗ ಬೇಕಾದಂತೆ ತಾನೇ ಬದಲಾಗುವಂಥದ್ದು) ಇರುವವರು ಇನ್ನೊಂದು ಮಾತು ಗಮನಿಸಬೇಕು. ಗ್ಯಾಸ್ ಸ್ವಲ್ಪ ಕಡಿಮೆಯಾದಾಗ ಇನ್ವರ್ಟರ್ ಕಂಪ್ರೆಸರ್ ತನ್ನ ವೇಗ ಹೆಚ್ಚಿಸಿಕೊಂಡು ತಂಪನ್ನು ಹೇಗೋ ಸರಿದೂಗಿಸುತ್ತದೆ. ಕೋಣೆಯಲ್ಲಿ ವ್ಯತ್ಯಾಸ ತಿಳಿಯುವುದೇ ಇಲ್ಲ. ಜೆಸ್ಕಾಂ ಬಿಲ್ಲಿನಲ್ಲಿ ತಿಳಿಯುತ್ತದೆ. ಹೋದ ವರ್ಷದ ಇದೇ ತಿಂಗಳ ಬಿಲ್ಲು ತೆಗೆದು ಯೂನಿಟ್ ಹೋಲಿಸಿ ನೋಡಿ. ರೊಕ್ಕ ಬೇಡ, ದರ ಬದಲಾಗಿರುತ್ತದೆ.

ಎರಡನೆಯದು ಮಂಜು. ಗ್ಯಾಸ್ ಸರಿ ಇದ್ದಾಗ ಒಳಗಿನ ಕಾಯಿಲ್ ಸೊನ್ನೆ ಡಿಗ್ರಿಗಿಂತ ಮೇಲೇ ಇರುತ್ತದೆ, ಪೂರ್ತಿ ತಣ್ಣಗಿರುತ್ತದೆ. ಗ್ಯಾಸ್ ಕಡಿಮೆಯಾದರೆ ಒಳಗಿನ ಒತ್ತಡ ಇಳಿಯುತ್ತದೆ. ಆಗ ಗ್ಯಾಸ್ ಸೊನ್ನೆಗಿಂತ ಕೆಳಗಿನ ತಾಪಮಾನದಲ್ಲಿ ಕುದಿಯುತ್ತದೆ. ಇರುವಷ್ಟು ದ್ರವ ಕಾಯಿಲ್‌ನ ಶುರುವಿನಲ್ಲೇ ಮುಗಿದುಹೋಗಿ ಆ ಭಾಗ ಮಾತ್ರ ಹೆಪ್ಪುಗಟ್ಟುತ್ತದೆ, ಉಳಿದದ್ದು ಬೆಚ್ಚಗಿರುತ್ತದೆ. ಮುಚ್ಚಳ ಎತ್ತಿ ಫಿಲ್ಟರ್ ತೆಗೆದು ನೋಡಿದರೆ ಒಂದು ಮೂಲೆಯಲ್ಲಿ ಬಿಳಿ ಮಂಜು ಕಾಣುತ್ತದೆ. ಹೊರಗಿನ ಯೂನಿಟ್ ಹತ್ತಿರ ಎರಡು ಪೈಪು ಇರುತ್ತವಲ್ಲ, ಸಣ್ಣದು ಮತ್ತು ದಪ್ಪದು? ಆರೋಗ್ಯವಂತ ಯಂತ್ರದಲ್ಲಿ ದಪ್ಪ ಪೈಪು ತಣ್ಣಗೆ ಬೆವರುತ್ತದೆ. ಗ್ಯಾಸ್ ಕಡಿಮೆ ಇದ್ದಾಗ ಸಣ್ಣ ಪೈಪಿನ ನಟ್ ಮೇಲೆ ಮಂಜು ಕೂರುತ್ತದೆ, ದಪ್ಪ ಪೈಪು ಮಾತ್ರ ತಣ್ಣಗಾಗುವುದಿಲ್ಲ.

ಆದರೆ ಕಾಯಿಲ್ ಪೂರ್ತಿ ಮಂಜುಗಟ್ಟಿ, ದಪ್ಪ ಪೈಪಿನ ಮೇಲೂ ಮಂಜು ಬಂದಿದ್ದರೆ ಬೇರೆ ಕಥೆ. ಅಲ್ಲಿ ಗ್ಯಾಸ್ ಇದೆ, ಗಾಳಿ ಇಲ್ಲ. ಫಿಲ್ಟರ್ ಕಟ್ಟಿರುತ್ತದೆ, ಇಲ್ಲವೇ ಒಳಗಿನ ಫ್ಯಾನ್ ನಿಧಾನವಾಗಿರುತ್ತದೆ. ಈ ಎರಡನ್ನು ಬೇರ್ಪಡಿಸಿ ನೋಡಲು ಕಲಿತರೆ ಸಾಕು, ಸುಮ್ನೆ ಗ್ಯಾಸ್ ಹಾಕಿಸುವ ಖರ್ಚು ಎಷ್ಟೋ ಸಲ ಉಳಿಯುತ್ತದೆ.

ನಮ್ಮ ಭಾಗಕ್ಕೆ ಮಾತ್ರ ಹೇಳಬೇಕಾದ ಎಚ್ಚರಿಕೆಯೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಗಾಳಿ ಪೂರ್ತಿ ಒಣಗಿರುತ್ತದೆ. ಮಂಜುಗಟ್ಟಲು ಬೇಕಾದ ತೇವವೇ ಕಡಿಮೆ. ಸೋರಿಕೆ ಇದ್ದರೂ ಮಂಜು ಕಾಣದೇ ಇರಬಹುದು. ಹಾಗೆಯೇ ಡ್ರೈನ್ ಪೈಪಿನಿಂದ ನೀರು ಹನಿಯುತ್ತಿಲ್ಲ, ಹಾಗಾಗಿ ಗ್ಯಾಸ್ ಖಾಲಿ ಅನ್ನುವ ಲೆಕ್ಕವೂ ಇಲ್ಲಿ ನಡೆಯುವುದಿಲ್ಲ. ಒಣ ಗಾಳಿಯಿಂದ ನೀರು ಎಲ್ಲಿಂದ ಬರಬೇಕು? ಇಂಡೋರ್ ಯೂನಿಟ್‌ನಿಂದ ಗೋಡೆಗೆ ನೀರು ಇಳಿಯುತ್ತಿದ್ದರೆ ಅದು ಹೆಚ್ಚಾಗಿ ಡ್ರೈನ್ ಕಟ್ಟಿರುವುದರಿಂದ.

ಬೇಸಿಗೆಗೆ ನಂಬುವಂಥ ಪರೀಕ್ಷೆ ಥರ್ಮಾಮೀಟರಿನದು. ಜ್ವರ ನೋಡುವುದು ಬೇಡ, ಕೋಣೆಯ ತಾಪ ತೋರಿಸುವ ಸಣ್ಣ ಡಿಜಿಟಲ್ ಮೀಟರ್ ಸಾಕು. ಮೊದಲು ಫಿಲ್ಟರ್ ತೊಳೆದು ಹಾಕಿ. ಕೂಲ್ ಮೋಡ್, ಎಲ್ಲಕ್ಕಿಂತ ಕಡಿಮೆ ಡಿಗ್ರಿ, ಫ್ಯಾನ್ ಜೋರು. 20 ನಿಮಿಷ ಬಿಡಿ. ಯಂತ್ರದ ಮೇಲ್ಭಾಗದಲ್ಲಿ ಒಳಗೆ ಹೋಗುವ ಗಾಳಿಯ ತಾಪ ನೋಡಿ, ಕೆಳಗೆ ಹೊರಗೆ ಬರುವ ಗಾಳಿಯ ತಾಪ ನೋಡಿ. ನಡುವಿನ ಅಂತರ ಸುಮಾರು 8ರಿಂದ 12 ಡಿಗ್ರಿ ಇದ್ದರೆ ಚಿಂತೆ ಬೇಡ. ತುಂಬಾ ಕಡಿಮೆ ಇದ್ದರೆ ನಮ್ಮನ್ನು ಕರೆಯಿರಿ. ಕೋಣೆ ಎಷ್ಟು ತಣ್ಣಗಾಯಿತು ಅನ್ನುವುದಕ್ಕಿಂತ ಈ ಅಂತರ ಮುಖ್ಯ. ಯಾಕೆಂದರೆ ಕೋಣೆಯ ಎ.ಸಿ.ಗಳ ಸಾಮರ್ಥ್ಯವನ್ನು ಅಳೆಯುವುದು ಹೊರಗೆ 35 ಡಿಗ್ರಿ ಇದ್ದಾಗ. ನಮ್ಮ ಮೇ ತಿಂಗಳ ಮಧ್ಯಾಹ್ನ, ಮೇಲಂತಸ್ತಿನ ಕಾದ ಸ್ಲ್ಯಾಬ್ ಕೆಳಗೆ, 24ಕ್ಕೆ ಇಟ್ಟರೂ 26ರ ಕೆಳಗೆ ಇಳಿಯಲಿಲ್ಲ ಅಂದರೆ ಯಂತ್ರ ಕೆಟ್ಟಿದೆ ಅಂತ ಅರ್ಥವಲ್ಲ. ಮಧ್ಯಾಹ್ನ ವೋಲ್ಟೇಜ್ ಇಳಿದರೂ ತಂಪು ಕಡಿಮೆಯಾಗುತ್ತದೆ. ಹೊರಗಿನ ಕಾಯಿಲ್ ಮೇಲೆ ತೊಗರಿ ರಾಶಿಯ ಹೊಟ್ಟು, ದಾಲ್ ಮಿಲ್ಲಿನ ಧೂಳು ಕೂತಿದ್ದರೂ ಅಷ್ಟೇ. ಸೇಡಂ, ವಾಡಿ ಕಡೆ ಸಿಮೆಂಟ್ ಧೂಳು. ನೀರು ತಾಗಿದರೆ ಅದು ಗಟ್ಟಿಯಾಗಿ ಅಂಟುತ್ತದೆ, ಆದ್ದರಿಂದ ಅಲ್ಲಿಯವರು ಮೊದಲು ಒಣ ಬ್ರಶ್ ಅಥವಾ ಬ್ಲೋವರ್ ಬಳಸಿ ಧೂಳು ತೆಗೆಸಿ, ಆಮೇಲೆ ನೀರು.

ಮೂರನೆಯ ಗುರುತು ಎಣ್ಣೆ ಕಲೆ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಓಡಾಡುತ್ತದೆ. ಸೋರುವ ಜಾಗದಲ್ಲಿ ಗ್ಯಾಸ್ ಹಾರಿಹೋಗುತ್ತದೆ, ಎಣ್ಣೆ ಉಳಿಯುತ್ತದೆ, ಅದರ ಮೇಲೆ ಧೂಳು ಕೂತು ಕಪ್ಪು ಜಿಡ್ಡಾಗುತ್ತದೆ. ಔಟ್‌ಡೋರ್ ಯೂನಿಟ್ ಕೈಗೆ ಸಿಗುವಂತೆ ಮಾಳಿಗೆ ಮೇಲೋ ನೆಲದ ಮೇಲೋ ಇದ್ದರೆ, ಎ.ಸಿ. ಆರಿಸಿ, ಪೈಪು ಸೇರುವ ಫ್ಲೇರ್ ನಟ್‌ಗಳ ಸುತ್ತ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಜಿಡ್ಡು ಬಂದರೆ ಪಾತ್ರೆ ತೊಳೆಯುವ ಸೋಪಿನ ನೊರೆ ಹಚ್ಚಿ. ಗುಳ್ಳೆ ಎದ್ದರೆ ಜಾಗ ಸಿಕ್ಕಿತು. ಗುಳ್ಳೆ ಬರಲಿಲ್ಲ ಅಂದ ಮಾತ್ರಕ್ಕೆ ಸೋರಿಕೆ ಇಲ್ಲ ಅನ್ನುವಂತಿಲ್ಲ, ತೀರಾ ಸಣ್ಣ ತೂತು ಗುಳ್ಳೆ ಎಬ್ಬಿಸುವುದಿಲ್ಲ. ದಯವಿಟ್ಟು ಸ್ಪ್ಯಾನರ್ ತೆಗೆದುಕೊಂಡು ನಟ್ ಬಿಗಿಮಾಡಬೇಡಿ. ತಾಮ್ರದ ತುದಿ ಬಿರಿದರೆ ಸಣ್ಣ ಸೋರಿಕೆ ದೊಡ್ಡದಾಗುತ್ತದೆ. ಗೋಡೆಗೆ ನೇತುಹಾಕಿದ ಯೂನಿಟ್ ಹತ್ತಿರ ಕಿಟಕಿಯಿಂದ ಬಾಗಿ ನೋಡುವ ಸಾಹಸವಂತೂ ಬೇಡವೇ ಬೇಡ.

ಸೋರಿಕೆ ಎಲ್ಲೆಲ್ಲಿ ಆಗುತ್ತದೆ ಅಂದರೆ, ಅಲುಗಾಟಕ್ಕೆ ಸಡಿಲಾದ ಫ್ಲೇರ್ ನಟ್ ಮೊದಲನೆಯದು. ಆಮೇಲೆ ಒಂದಕ್ಕೊಂದು ಉಜ್ಜಿ ಸವೆದ ಪೈಪುಗಳು. ತೆರೆದ ಗಟಾರದ ಮೇಲೆ ಔಟ್‌ಡೋರ್ ಕೂರಿಸಿದ ಮನೆಗಳಲ್ಲಿ ಕಾಯಿಲ್ಲೇ ಕಪ್ಪಾಗಿ ಸವೆಯುತ್ತದೆ. ಗಟಾರದಿಂದ ಏಳುವ ಗಂಧಕದ ಅನಿಲ ತಾಮ್ರವನ್ನು ತಿನ್ನುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ ಹಾಕಿ ಕಾಯಿಲ್ ಬೆಳ್ಳಗೆ ಮಾಡಿಸುವುದೂ ಅಷ್ಟೇ ಕೆಟ್ಟದ್ದು. ನೋಡಲು ಫಳಫಳ, ತಾಮ್ರ ಮತ್ತು ಅಲ್ಯುಮಿನಿಯಂ ಮಾತ್ರ ಸವೆದಿರುತ್ತವೆ.

ಈಗ ಯಾಕೆ ಈ ಬದಲಾವಣೆ ಅಂತ ನೀವು ಕೇಳಬಹುದು. ನಿಮ್ಮ ಮನೆಗಳಲ್ಲಿ ಈಗ ಹೆಚ್ಚಾಗಿ ಇರುವುದು ಆರ್-32 ಗ್ಯಾಸಿನ ಯಂತ್ರಗಳು. ಅವುಗಳಲ್ಲಿ ತುಂಬುವ ಗ್ಯಾಸೇ ಕಡಿಮೆ, ಎಷ್ಟೋ ಮಾದರಿಗಳಲ್ಲಿ ಒಂದು ಕಿಲೋಗಿಂತ ಕಡಿಮೆ. 100 ಗ್ರಾಂ ಹೆಚ್ಚು ಕಡಿಮೆಯಾದರೂ ವ್ಯತ್ಯಾಸ ಬೀಳುತ್ತದೆ. ಇನ್ವರ್ಟರಿನಲ್ಲಿ ಒತ್ತಡವೂ ವೇಗದ ಜೊತೆ ಏರಿಳಿಯುತ್ತದೆ, ಗೇಜ್ ಮುಳ್ಳು ನೋಡಿ ಅಂದಾಜಿಗೆ ತುಂಬುವುದು ಸರಿಯಲ್ಲ. ಅದೂ ಅಲ್ಲದೆ ಆರ್-32ಕ್ಕೆ ಬೆಂಕಿ ಹಿಡಿಯುವ ಸಣ್ಣ ಗುಣವಿದೆ. ಹೆದರಬೇಕಿಲ್ಲ, ಎಚ್ಚರ ಬೇಕು. ಅದಕ್ಕೆ ವಾಸನೆಯಿಂದ ತಿಳಿಯುವ ಗುಣವಿಲ್ಲ, ಗಾಳಿಗಿಂತ ಭಾರ, ನೆಲದ ಹತ್ತಿರ ನಿಲ್ಲುತ್ತದೆ. ಇಂಡೋರ್ ಯೂನಿಟ್‌ನಿಂದ ಬಿಡದೆ ಬುಸ್ ಅನ್ನುವ ಸದ್ದು ಬಂದರೆ ಎ.ಸಿ. ಆರಿಸಿ, ಕಿಟಕಿ ಬಾಗಿಲು ತೆರೆಯಿರಿ, ಮಕ್ಕಳನ್ನು ನೆಲದ ಮೇಲೆ ಮಲಗಿಸಬೇಡಿ. ಆ ಕೋಣೆಯಲ್ಲಿ ಊದುಬತ್ತಿ, ದೀಪ, ಬೀಡಿ ಸಿಗರೇಟು ಬೇಡ. ಬೆಂಕಿಗೆ ಸಿಕ್ಕ ಗ್ಯಾಸಿನಿಂದ ಬರುವ ಹೊಗೆ ಕಣ್ಣಿಗೂ ಎದೆಗೂ ಬಹಳ ಕೆಟ್ಟದ್ದು. ಎ.ಸಿ. ಆರಿಸಿದ ಮೇಲೆ ಒಂದೆರಡು ನಿಮಿಷ ಬರುವ ಸುಯ್ ಸದ್ದು ಸಹಜ, ಅದಕ್ಕೆ ಗಾಬರಿ ಬೇಡ.

ಇನ್ನು ಮುಂದೆ ನಮ್ಮ ಹುಡುಗರು ಬಂದಾಗ ಹೀಗೆ ನಡೆಯುತ್ತದೆ. ಉಳಿದ ಗ್ಯಾಸನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಇಳಿಸಿಕೊಳ್ಳುತ್ತಾರೆ. ಒಂದು ಕಿಲೋ ಆರ್-32 ಹೊರಗೆ ಹೋದರೆ ನೂರು ವರ್ಷದ ಲೆಕ್ಕದಲ್ಲಿ 675 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಬಿಸಿಯಾಗುತ್ತದೆ. ಹಳೆಯ ಆರ್-22 ಆದರೆ ಸುಮಾರು 1,800 ಕಿಲೋ, ಜೊತೆಗೆ ಓಜೋನ್ ಪದರಕ್ಕೂ ಹಾನಿ. ಬಿಸಿಲನ್ನು ನಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ, ಅದಕ್ಕೆ ನಮ್ಮ ಕೈಯಾರೆ ಇನ್ನಷ್ಟು ಸೇರಿಸುವುದು ಬೇಡ. ಆಮೇಲೆ ಪೈಪಿನೊಳಗೆ ಒಣ ನೈಟ್ರೋಜನ್ ತುಂಬಿ, ಕಂಪನಿ ಹೇಳಿದ ಮಿತಿಯೊಳಗೆ ಒತ್ತಡ ಏರಿಸಿ ಬಿಡುತ್ತಾರೆ. ಒತ್ತಡ ಇಳಿದರೆ ಜಾಗ ಹುಡುಕುತ್ತಾರೆ. ಜಾಯಿಂಟ್ ಸರಿಮಾಡಿ ಮತ್ತೆ ಪರೀಕ್ಷಿಸಿ, ಪಂಪಿನಿಂದ ಪೈಪಿನೊಳಗಿನ ಗಾಳಿ, ತೇವ ಎಳೆದು ಒತ್ತಡ 500 ಮೈಕ್ರಾನ್‌ಗಿಂತ ಕೆಳಗೆ ಇಳಿಯುವಂತೆ ವ್ಯಾಕ್ಯೂಮ್ ಮಾಡುತ್ತಾರೆ. ಕೊನೆಗೆ ಯಂತ್ರದ ಪ್ಲೇಟ್ ಮೇಲೆ ಬರೆದಷ್ಟೇ ಗ್ರಾಂ ಗ್ಯಾಸನ್ನು ತಕ್ಕಡಿ ಮೇಲಿಟ್ಟು ತುಂಬುತ್ತಾರೆ. ಪೈಪು ಉದ್ದ ಮಾಡಿಸಿದ್ದರೆ ಕಂಪನಿಯ ಲೆಕ್ಕದಂತೆ ಹೆಚ್ಚಿಗೆ. ತಕ್ಕಡಿಯ ಅಂಕಿಯನ್ನು ನೀವೇ ನಿಂತು ನೋಡಿ. ಬೇರೆ ಯಾರಿಂದ ಕೆಲಸ ಮಾಡಿಸಿದರೂ ಒಂದು ಮಾತು ನೆನಪಿಡಿ. ಒತ್ತಡ ಪರೀಕ್ಷೆಗೆ ಆಕ್ಸಿಜನ್ ಸಿಲಿಂಡರ್ ತಂದರೆ ತಕ್ಷಣ ಬೇಡ ಅನ್ನಿ. ಎಣ್ಣೆಯ ಜೊತೆ ಸೇರಿ ಅದು ಸಿಡಿಯುತ್ತದೆ.

ಸಣ್ಣ ಸೋರಿಕೆಗೆ ಒತ್ತಡವನ್ನು ರಾತ್ರಿಯಿಡೀ ಬಿಟ್ಟು ನೋಡಬೇಕಾಗುತ್ತದೆ. ಆ ರಾತ್ರಿ ನಿಮಗೆ ಎ.ಸಿ. ಇರುವುದಿಲ್ಲ. ವಯಸ್ಸಾದವರು, ಬಾಣಂತಿ, ಹುಷಾರಿಲ್ಲದವರು ಇರುವ ಮನೆಗೆ ನಮ್ಮ ಒಂದು ಕೂಲರ್ ಇಟ್ಟು ಬರುತ್ತೇವೆ, ಅದಕ್ಕೆ ಬಾಡಿಗೆ ಇಲ್ಲ. ಫೋನ್ ಮಾಡುವಾಗಲೇ ಹೇಳಿ.

ಆರ್-22 ಯಂತ್ರ ಇರುವವರಿಗೆ ಪ್ರತ್ಯೇಕ ಮಾತು. ನಮ್ಮ ದೇಶದಲ್ಲಿ ಆ ಗ್ಯಾಸಿನ ಹೊಸ ಎ.ಸಿ. ತಯಾರಿಕೆ 2024ರ ಕೊನೆಗೆ ನಿಂತಿದೆ. ಜಾಯಿಂಟ್ ಸೋರಿದ್ದರೆ ರಿಪೇರಿ ಮಾಡಿಸಿ, ಇನ್ನೂ ಓಡುತ್ತದೆ. ಕಾಯಿಲ್ಲೇ ಸವೆದಿದ್ದರೆ ಅದಕ್ಕೆ ದುಡ್ಡು ಹಾಕುವ ಮುಂಚೆ ಹೊಸದರ ಬೆಲೆ ವಿಚಾರಿಸಿ. ಆರ್-22 ಯಂತ್ರಕ್ಕೆ ಬೇರೆ ಗ್ಯಾಸ್, ಅದರಲ್ಲೂ ಬೆಂಕಿ ಹಿಡಿಯುವ ಗ್ಯಾಸ್ ತುಂಬಿ ಕೊಡಿ ಅಂತ ಕೇಳಬೇಡಿ, ನಾವು ಮಾಡುವುದಿಲ್ಲ.

ಸೋರಿಕೆ ಪರೀಕ್ಷೆ, ಬ್ರೇಜಿಂಗ್ (ಪೈಪಿನ ಬೆಸುಗೆ), ವ್ಯಾಕ್ಯೂಮ್, ಗ್ಯಾಸ್, ಎಲ್ಲಕ್ಕೂ ಬಿಲ್ಲಿನಲ್ಲಿ ಬೇರೆ ಬೇರೆ ಸಾಲು ಇರುತ್ತದೆ. ಗ್ಯಾಸಿಗೆ ಗ್ರಾಂ ಲೆಕ್ಕ. ದರಪಟ್ಟಿ ಈ ಪತ್ರದ ಜೊತೆಗಿದೆ. ನಾವು ಸರಿಮಾಡಿದ ಜಾಯಿಂಟ್ ಒಂದು ವರ್ಷದೊಳಗೆ ಮತ್ತೆ ಸೋರಿದರೆ ಕೆಲಸವೂ ಗ್ಯಾಸೂ ಉಚಿತ. ಈಗಾಗಲೇ ವರ್ಷದ ಕಾಂಟ್ರ್ಯಾಕ್ಟ್ ಮಾಡಿಕೊಂಡವರಿಗೆ ಅದು ಮುಗಿಯುವವರೆಗೆ ಹಳೆಯ ದರವೇ, ಕೆಲಸ ಮಾತ್ರ ಹೊಸ ರೀತಿಯಲ್ಲಿ.

ಪರೀಕ್ಷೆ ಮಾಡಿಸುವುದಿದ್ದರೆ ಬಿಸಿಲು ಏರುವ ಮುಂಚೆ, ಫೆಬ್ರವರಿಯಲ್ಲೇ ಕರೆಯಿರಿ. ಆಗ ನಮಗೂ ಹೊತ್ತಿರುತ್ತದೆ, ಒಂದು ರಾತ್ರಿ ಎ.ಸಿ. ಇಲ್ಲದಿದ್ದರೆ ನಿಮಗೂ ನಡೆಯುತ್ತದೆ. ಕರೆಯುವಾಗ ಮೂರು ವಿಷಯ ಹೇಳಿದರೆ ಸಾಕು: ಯಂತ್ರದ ಪ್ಲೇಟ್ ಮೇಲೆ ಯಾವ ಗ್ಯಾಸ್ ಬರೆದಿದೆ, ಕೊನೆಯ ಸಲ ಗ್ಯಾಸ್ ತುಂಬಿಸಿದ್ದು ಯಾವಾಗ, ಒಳಗೆ ಹೋಗುವ ಮತ್ತು ಹೊರಗೆ ಬರುವ ಗಾಳಿಯ ಅಂತರ ಎಷ್ಟು.

ನಿಮ್ಮ ಎ.ಸಿ. ಸರ್ವಿಸ್ ಬಳಗ
ಕಲಬುರಗಿ