ಟಿಕ್ ಟಿಕ್ ಎನ್ನುವ ಹಾರ್ಡ್ ಡಿಸ್ಕ್‌ಗೆ ಫ್ರೀಜರ್ ಮದ್ದಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ತಮ್ಮ ಪತ್ರಿಕೆಯ ಪುರವಣಿಯಲ್ಲಿ, ಕೆಟ್ಟ ಹಾರ್ಡ್ ಡಿಸ್ಕನ್ನು ಮನೆಯಲ್ಲೇ ಸರಿಪಡಿಸಿಕೊಳ್ಳಲು ಮೂರು ಉಪಾಯಗಳನ್ನು ಕೊಡಲಾಗಿತ್ತು: ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರ್‌ನಲ್ಲಿಡುವುದು, ಅದೇ ಮಾಡೆಲ್‌ನ ಇನ್ನೊಂದು ಡಿಸ್ಕ್‌ನ ಸರ್ಕ್ಯೂಟ್ ಬೋರ್ಡ್ ಬಿಚ್ಚಿ ಇದಕ್ಕೆ ಕೂರಿಸುವುದು, ಯಾವುದೂ ಫಲಿಸದಿದ್ದರೆ ಲೋ ಲೆವೆಲ್ ಫಾರ್ಮ್ಯಾಟ್, ಎಂದರೆ ಡಿಸ್ಕನ್ನು ಪೂರ್ತಿ ಅಳಿಸಿ ಹೊಸದಾಗಿ ಸಿದ್ಧಪಡಿಸುವ ಕೆಲಸ, ಮಾಡುವುದು. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಕಂಪ್ಯೂಟರ್ ದುರಸ್ತಿಯನ್ನೇ ಜೀವನೋಪಾಯ ಮಾಡಿಕೊಂಡಿರುವ ನಾನು, ಈ ಮೂರೂ ಸಲಹೆಗಳು ಓದುಗರಿಗೆ ನಷ್ಟ ತರುತ್ತವೆ ಎಂದು ತಿಳಿಸುವ ಸಲುವಾಗಿ ಈ ಪತ್ರ ಬರೆಯುತ್ತಿದ್ದೇನೆ. ಡಿಸ್ಕ್‌ನೊಳಗೆ ತಿರುಗುವ ತಟ್ಟೆಯ ಮೇಲೆ ಡೇಟಾ ಓದಿ ಬರೆಯುವ ಹೆಡ್, ಆ ಡೇಟಾ ಇರುವ ಸುತ್ತುಗೆರೆಯನ್ನು, ಎಂದರೆ ತನ್ನ ಟ್ರ್ಯಾಕನ್ನು, ಹೇಗೆ ಹುಡುಕಿಕೊಳ್ಳುತ್ತದೆ ಎಂಬುದು ಒಮ್ಮೆ ತಿಳಿದರೆ, ಈ ಉಪಾಯಗಳು ಏಕೆ ಕೂಡದು ಎಂಬುದು ಓದುಗರಿಗೇ ಮನದಟ್ಟಾಗುತ್ತದೆ.

ಎರಡು ತಿಂಗಳ ಹಿಂದೆ ಛಾಯಾಗ್ರಾಹಕರೊಬ್ಬರು ಎರಡು ಟೆರಾಬೈಟ್‌ನ ಡಿಸ್ಕ್ ತಂದುಕೊಟ್ಟರು. ಅದರಲ್ಲಿ ಎರಡು ಮದುವೆ ಹಂಗಾಮಿನ ಚಿತ್ರಗಳಿದ್ದವು. ಒಂದು ದಿನ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡತೊಡಗಿದಾಗ, ಅವರು ಇಂಥದೇ ಸಲಹೆಯನ್ನು ಮೊಬೈಲ್‌ನಲ್ಲಿ ನೋಡಿ ಅದನ್ನು ಫ್ರೀಜರ್‌ನಲ್ಲಿಟ್ಟು, ಬೆಳಿಗ್ಗೆ ತೆಗೆದು, ಹತ್ತಾರು ಬಾರಿ ಆನ್ ಮಾಡಿ ನೋಡಿದ್ದರು. ಧೂಳುರಹಿತ ಕೊಠಡಿಯಿರುವ ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದೆ, ಅಲ್ಲಿಯೂ ಕೈಚೆಲ್ಲಿದರು. ಹಿಂದಿರುಗಿ ಬಂದ ಡಿಸ್ಕನ್ನು ಅವರ ಒಪ್ಪಿಗೆ ಪಡೆದು ಬಿಚ್ಚಿ ನೋಡಿದಾಗ, ಕನ್ನಡಿಯಂತೆ ಹೊಳೆಯಬೇಕಿದ್ದ ತಟ್ಟೆಯ ಮೇಲೆ ಒಣಗಿದ ನೀರಹನಿಗಳು ಬಿಟ್ಟ ಉಂಗುರದಂಥ ಕಲೆಗಳಿದ್ದವು, ಹೊರ ಅಂಚಿನ ಬಳಿ ಕೂದಲೆಳೆಯಷ್ಟು ತೆಳುವಾದ ಗೀರುಗಳು ಸುತ್ತು ಹೊಡೆದಿದ್ದವು, ಹೆಡ್‌ನ ತುದಿಗೆ ಕಪ್ಪು ಪುಡಿ ಅಂಟಿಕೊಂಡಿತ್ತು. ತಟ್ಟೆಯ ಲೇಪನವೇ ಕಿತ್ತುಬಂದು ಆದ ಪುಡಿ ಅದು. ಆ ಲೇಪನದಲ್ಲೇ ಚಿತ್ರಗಳಿದ್ದವು.

ಇಂದಿನ ದೊಡ್ಡ ಡಿಸ್ಕ್‌ಗಳಲ್ಲಿ ತಟ್ಟೆಯ ಒಂದಿಂಚು ಅಗಲದೊಳಗೆ ನಾಲ್ಕೈದು ಲಕ್ಷ ಟ್ರ್ಯಾಕ್‌ಗಳಿರುತ್ತವೆ. ಇಂಚಿಗೆ ಐದು ಲಕ್ಷವೆಂದು ಹಿಡಿದರೆ ಒಂದು ಟ್ರ್ಯಾಕ್‌ನಿಂದ ಇನ್ನೊಂದಕ್ಕೆ ಇರುವ ದೂರ ಸುಮಾರು 50 ನ್ಯಾನೋಮೀಟರ್, ಎಂದರೆ ಕೊರೊನಾ ವೈರಾಣುವಿನ ಅಡ್ಡಳತೆಯ ಅರ್ಧದಷ್ಟು. ಆ ಅಂತರದಲ್ಲಿ ಹೆಡ್ ಟ್ರ್ಯಾಕ್‌ನ ನಡುಗೆರೆಯಿಂದ ಹತ್ತನೇ ಒಂದು ಭಾಗ, ಎಂದರೆ ಐದು ನ್ಯಾನೋಮೀಟರ್‌ನಷ್ಟು ಸರಿದರೂ ಬರೆಯುವ ಕೆಲಸ ಅಪಾಯಕ್ಕೆ ಬರುತ್ತದೆ, ಏಕೆಂದರೆ ಪಕ್ಕದ ಟ್ರ್ಯಾಕ್‌ನ ಬರಹ ಹಾಳಾಗಬಹುದು. ಇತ್ತ ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತಿರುತ್ತದೆ, ಹೆಡ್ ಅದರಿಂದ ಕೆಲವೇ ನ್ಯಾನೋಮೀಟರ್ ಮೇಲೆ ಗಾಳಿಯಲ್ಲಿ ತೇಲುತ್ತಿರುತ್ತದೆ.

ಮೊದಲಿಗೆ ಇಷ್ಟು ನಿಖರತೆ ಬೇಕಾಗಿರಲಿಲ್ಲ. 1956ರಲ್ಲಿ ಐಬಿಎಂ ಹೊರತಂದ ರಾಮ್ಯಾಕ್ ಯಂತ್ರದಲ್ಲಿ 24 ಇಂಚಿನ 50 ತಟ್ಟೆಗಳಿದ್ದು, ಪ್ರತಿ ಬದಿಯಲ್ಲಿ 100 ಟ್ರ್ಯಾಕ್‌ಗಳಿದ್ದವು. ಇಂಚಿಗೆ ಇಪ್ಪತ್ತೇ ಟ್ರ್ಯಾಕ್ ಇದ್ದುದರಿಂದ ನಡುವಿನ ಅಂತರ ಒಂದು ಮಿಲಿಮೀಟರ್‌ಗಿಂತ ಹೆಚ್ಚಿತ್ತು, ಹೆಡ್ಡನ್ನು ಹೊತ್ತ ತೋಳನ್ನು ಅಲ್ಲಲ್ಲಿ ಕಚ್ಚಿ ನಿಲ್ಲಿಸುವ ಯಾಂತ್ರಿಕ ಹಿಡಿತವೇ ಸಾಕಾಗಿತ್ತು. ನಾನು ಕೆಲಸ ಕಲಿತ ಕಾಲದ 20 ಮೆಗಾಬೈಟ್‌ನ ಸೀಗೇಟ್ ಎಸ್‌ಟಿ-225 ಡಿಸ್ಕ್‌ನಲ್ಲಿ ಸ್ಟೆಪ್ಪರ್ ಮೋಟಾರ್ ಇತ್ತು. ಅದು ಗಡಿಯಾರದ ಮುಳ್ಳಿನಂತೆ ಹೆಜ್ಜೆ ಹೆಜ್ಜೆಯಾಗಿ ತಿರುಗಿ, 615 ನಿಲುಗಡೆಗಳಲ್ಲಿ ಹೆಡ್ಡನ್ನು ತಂದು ನಿಲ್ಲಿಸುತ್ತಿತ್ತು. ನಿಂತ ಜಾಗದಲ್ಲಿ ನಿಜವಾಗಿಯೂ ಟ್ರ್ಯಾಕ್ ಇದೆಯೇ ಎಂದು ಪರೀಕ್ಷಿಸುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನದ ಸೆಕೆಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕ್ ಡಿಸೆಂಬರ್‌ನ ಬೆಳಿಗ್ಗೆ ಬೂಟ್ ಆಗಲು ತಕರಾರು ಮಾಡುತ್ತಿತ್ತು. ಅರ್ಧ ಗಂಟೆ ಆನ್ ಮಾಡಿಟ್ಟು, ಲೋಹ ಬೆಚ್ಚಗಾಗಿ ಹಿಗ್ಗಿದ ಮೇಲೆ ತಾನಾಗಿ ಸರಿಹೋಗುತ್ತಿತ್ತು. ಯಂತ್ರ ಬೆಚ್ಚಗಾದ ಮೇಲೆಯೇ ಫಾರ್ಮ್ಯಾಟ್ ಮಾಡಬೇಕೆಂಬುದು ನನ್ನ ಗುರುಗಳು ಹೇಳಿಕೊಟ್ಟ ಮೊದಲ ಪಾಠ.

ಇದೇ ಲೆಕ್ಕವನ್ನು ಇಂದಿನ ಡಿಸ್ಕ್‌ಗೆ ಹಾಕಿ ನೋಡಬಹುದು. ಮೂರು ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ತುಂಡು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 700 ನ್ಯಾನೋಮೀಟರ್ ಉದ್ದವಾಗುತ್ತದೆ. ಅಷ್ಟು ಜಾಗದಲ್ಲಿ ಹದಿನಾಲ್ಕು ಟ್ರ್ಯಾಕ್‌ಗಳಿರುತ್ತವೆ. ಒಂದೇ ಡಿಗ್ರಿಗೆ ಇಷ್ಟು ಸರಿಯುವ ಲೋಹದ ಅಳತೆಯನ್ನು ನಂಬಿ ಹೆಡ್ ಕೂರಿಸಲು ಯಾರಿಂದಲೂ ಸಾಧ್ಯವಿಲ್ಲ. ಇದಕ್ಕೆ ಪರಿಹಾರವೆಂದರೆ ಗುರುತುಗಳನ್ನು ತಟ್ಟೆಯ ಮೇಲೆಯೇ ಬರೆದಿಟ್ಟು, ಹೆಡ್ ಅದನ್ನು ಓದುತ್ತಾ ತನ್ನನ್ನು ತಾನೇ ತಿದ್ದಿಕೊಳ್ಳುವಂತೆ ಮಾಡುವುದು. 1970ರಲ್ಲಿ ಐಬಿಎಂ ಪ್ರಕಟಿಸಿದ 3330 ಯಂತ್ರದಲ್ಲಿ ಈ ಏರ್ಪಾಡು ಇತ್ತು. ಅದರ ಇಪ್ಪತ್ತು ಮೇಲ್ಮೈಗಳಲ್ಲಿ ಒಂದನ್ನು ಈ ಗುರುತುಗಳಿಗೆಂದೇ ಮೀಸಲಿಟ್ಟು, ಉಳಿದ ಹತ್ತೊಂಬತ್ತರಲ್ಲಿ ಡೇಟಾ ಇಡುತ್ತಿದ್ದರು. ಈಗಿನ ಡಿಸ್ಕ್‌ಗಳಲ್ಲಿ ಪ್ರತಿ ಮೇಲ್ಮೈಯಲ್ಲೂ, ಪ್ರತಿ ಸುತ್ತಿನಲ್ಲೂ ನೂರಾರು ಕಡೆ, ಡೇಟಾದ ನಡುನಡುವೆಯೇ ಈ ಗುರುತುಗಳನ್ನು ಬರೆದಿರುತ್ತಾರೆ. ಇವಕ್ಕೆ ಸರ್ವೋ ಗುರುತುಗಳೆಂದು ಹೆಸರು.

ಒಂದು ಸರ್ವೋ ಗುರುತಿನಲ್ಲಿ ಮೊದಲು ಟ್ರ್ಯಾಕ್‌ನ ಸಂಖ್ಯೆ ಇರುತ್ತದೆ. ಅದನ್ನು ಗ್ರೇ ಕೋಡ್ ಎಂಬ ವಿಧಾನದಲ್ಲಿ ಬರೆಯುತ್ತಾರೆ. ಪಕ್ಕಪಕ್ಕದ ಎರಡು ಸಂಖ್ಯೆಗಳ ನಡುವೆ ಒಂದೇ ಬಿಟ್, ಎಂದರೆ ಸೊನ್ನೆ ಅಥವಾ ಒಂದು ಎಂಬ ಒಂದೇ ಅಂಕಿಯ ವ್ಯತ್ಯಾಸವಿರುವುದರಿಂದ, ಹೆಡ್ ಎರಡು ಟ್ರ್ಯಾಕ್‌ಗಳ ನಡುವೆ ಓಡುತ್ತಿರುವಾಗ ಓದಿದರೂ ತಪ್ಪು ಒಂದು ಟ್ರ್ಯಾಕ್‌ಗಿಂತ ಹೆಚ್ಚಾಗುವುದಿಲ್ಲ. ಸಂಖ್ಯೆಯ ನಂತರ, ನಡುಗೆರೆಯ ಎಡಕ್ಕೊಂದು ಬಲಕ್ಕೊಂದು ಸಂಕೇತದ ತುಣುಕುಗಳಿರುತ್ತವೆ. ಮಳೆಗಾಲದ ಕತ್ತಲಲ್ಲಿ ಎರಡು ಗದ್ದೆಗಳ ನಡುವಿನ ಬದುವಿನ ಮೇಲೆ ನಡೆಯುವವನಿಗೆ ಎರಡೂ ಕಡೆಯ ಕಪ್ಪೆಗಳ ಸದ್ದು ಸಮನಾಗಿ ಕೇಳಿದರೆ ತಾನು ನಡುವೆ ಇದ್ದೇನೆಂದು ತಿಳಿಯುತ್ತದೆ. ಒಂದು ಕಡೆಯ ಸದ್ದು ಜೋರಾದರೆ ಆ ಕಡೆಗೆ ವಾಲಿದ್ದೇನೆಂದು ಅರ್ಥ. ಹೆಡ್ ಮಾಡುವುದೂ ಇದನ್ನೇ, ಆದರೆ ಸೆಕೆಂಡಿಗೆ ಹತ್ತಾರು ಸಾವಿರ ಬಾರಿ. ಎರಡು ಸಂಕೇತಗಳ ವ್ಯತ್ಯಾಸವನ್ನು ನೋಡಿ, ಸರ್ಕ್ಯೂಟ್ ಬೋರ್ಡ್ ಮೇಲಿನ ನಿಯಂತ್ರಕ ಚಿಪ್ ಆದ ಕಂಟ್ರೋಲರ್ ತೋಳಿಗೆ ಎಷ್ಟು ಕರೆಂಟ್ ಕೊಡಬೇಕೆಂದು ನಿರ್ಧರಿಸುತ್ತದೆ. ತೋಳನ್ನು ಆಡಿಸುವ ವಾಯ್ಸ್ ಕಾಯಿಲ್ ಲೌಡ್‌ಸ್ಪೀಕರ್‌ನೊಳಗಿನ ಸುರುಳಿಯ ಜಾತಿಯದೇ. ಸ್ಟೆಪ್ಪರ್ ಮೋಟಾರ್‌ಗಿದ್ದಂತೆ ಅದಕ್ಕೆ ನಿಲುಗಡೆಗಳಿಲ್ಲ. ಗುರುತು ಓದದ ಹೊರತು ತಾನು ಎಲ್ಲಿದ್ದೇನೆಂಬುದು ಅದಕ್ಕೆ ತಿಳಿಯುವುದೇ ಇಲ್ಲ.

ಟಿಕ್ ಟಿಕ್ ಸದ್ದಿನ ಮೂಲ ಹೆಚ್ಚಾಗಿ ಇಲ್ಲಿಯೇ ಇದೆ. ಹೆಡ್ ದುರ್ಬಲವಾಗಿ ಸರ್ವೋ ಗುರುತು ಓದಲಾರದೆ ಹೋದಾಗ, ಕಂಟ್ರೋಲರ್ ತೋಳನ್ನು ಹಿಂದಕ್ಕೆ ಎಳೆದು ಮತ್ತೆ ಮೊದಲಿನಿಂದ ಹುಡುಕಲು ಕಳಿಸುತ್ತದೆ. ಪ್ರತಿ ಸಲವೂ ತೋಳು ಕೊನೆಯ ತಡೆಗೆ ತಾಗಿ ಸದ್ದಾಗುತ್ತದೆ. ಗಾಯಗೊಂಡ ಹೆಡ್ ಹೀಗೆ ಹೋಗಿಬರುವಾಗಲೆಲ್ಲ ತಟ್ಟೆಯನ್ನು ಕೆರೆಯುವ ಸಂಭವವಿದೆ. ಇಂಥ ಡಿಸ್ಕನ್ನು ಫ್ರೀಜರ್‌ನಲ್ಲಿಟ್ಟರೆ ಓದುವ ಶಕ್ತಿಯೇನೂ ಮರಳಿ ಬರುವುದಿಲ್ಲ. ಬದಲಿಗೆ, ಹೀಲಿಯಂ ತುಂಬಿ ಮುಚ್ಚಿದ ಡಿಸ್ಕ್‌ಗಳ ಹೊರತು ಉಳಿದವುಗಳಲ್ಲಿ ಗಾಳಿಯಾಡಲು ಫಿಲ್ಟರ್ ಇರುವ ಸಣ್ಣ ರಂಧ್ರವೊಂದು ಇರುವುದರಿಂದ, ಅದರ ಮೂಲಕ ಒಳಹೊಕ್ಕ ತೇವ ತಣ್ಣಗಾದ ತಟ್ಟೆಯ ಮೇಲೆ ಹನಿಗಟ್ಟುತ್ತದೆ. ಕೆಲವು ನ್ಯಾನೋಮೀಟರ್ ಎತ್ತರದಲ್ಲಿ ತೇಲಬೇಕಾದ ಹೆಡ್‌ಗೆ ಆ ಹನಿ ಬೆಟ್ಟದಂತೆ ಅಡ್ಡ ನಿಲ್ಲುತ್ತದೆ.

ಸರ್ಕ್ಯೂಟ್ ಬೋರ್ಡ್ ಬದಲಿಸುವ ಉಪಾಯ ಒಂದು ಕಾಲಕ್ಕೆ ಸರಿಯಿತ್ತು, ನಾನೂ ಎಷ್ಟೋ ಡಿಸ್ಕ್‌ಗಳನ್ನು ಹಾಗೆ ಬದುಕಿಸಿದ್ದೇನೆ. ಈಗ ಓದುವ ಭಾಗ ಮತ್ತು ಬರೆಯುವ ಭಾಗ ಒಂದೇ ಹೆಡ್‌ನಲ್ಲಿ ಬೇರೆ ಬೇರೆಯಾಗಿ, ಒಂದರ ಹಿಂದೊಂದು ಇರುತ್ತವೆ. ತೋಳು ಬಾಗಿಲಿನಂತೆ ಒಂದು ಗೂಟದ ಸುತ್ತ ತಿರುಗುವುದರಿಂದ, ತಟ್ಟೆಯ ಹೊರ ಅಂಚಿನಲ್ಲಿ ಹೆಡ್ ಒಂದು ಕೋನದಲ್ಲಿ, ಒಳ ಅಂಚಿನಲ್ಲಿ ಮತ್ತೊಂದು ಕೋನದಲ್ಲಿ ನಿಲ್ಲುತ್ತದೆ. ಇದರಿಂದ ಬರೆದ ಜಾಗಕ್ಕೇ ಮತ್ತೆ ಬಂದು ಓದಲು ಹೆಡ್ಡನ್ನು ಎಷ್ಟು ಸರಿಸಬೇಕೆಂಬುದು ಜಾಗದಿಂದ ಜಾಗಕ್ಕೆ, ಹೆಡ್‌ನಿಂದ ಹೆಡ್‌ಗೆ ಬದಲಾಗುತ್ತದೆ. ಕಾರ್ಖಾನೆಯಲ್ಲಿ ಪ್ರತಿಯೊಂದು ಹೆಡ್ಡನ್ನೂ ಪರೀಕ್ಷಿಸಿ ಇಂಥ ಅಳತೆಗಳನ್ನು ತೆಗೆದಿರುತ್ತಾರೆ, ಅವುಗಳಲ್ಲಿ ಡಿಸ್ಕ್ ಏಳಲು ಬೇಕಾದವನ್ನು ಆ ಡಿಸ್ಕ್‌ನದೇ ಬೋರ್ಡ್‌ನ ಚಿಪ್‌ನಲ್ಲಿ ಇಟ್ಟಿರುತ್ತಾರೆ. ಇನ್ನೊಂದು ಡಿಸ್ಕ್‌ನ ಬೋರ್ಡ್ ಹಾಕಿದರೆ, ಮಾಡೆಲ್ ಒಂದೇ ಆದರೂ, ಒಬ್ಬರ ಕನ್ನಡಕವನ್ನು ಇನ್ನೊಬ್ಬರಿಗೆ ತೊಡಿಸಿದಂತಾಗುತ್ತದೆ. ಬೋರ್ಡ್ ಸುಟ್ಟಿದ್ದರೆ ಅನುಭವಸ್ಥರು ಹಳೆಯ ಬೋರ್ಡ್‌ನಿಂದ ಎಂಟು ಕಾಲಿನ ಆ ಚಿಕ್ಕ ಚಿಪ್ಪನ್ನು ಬಿಡಿಸಿ ಹೊಸದಕ್ಕೆ ಬೆಸುಗೆ ಹಾಕುತ್ತಾರೆ. ಕೆಲವು ಮಾಡೆಲ್‌ಗಳಲ್ಲಿ ಆ ಚಿಪ್ ಪ್ರತ್ಯೇಕವಾಗಿ ಇರುವುದೂ ಇಲ್ಲ. ಸ್ಕ್ರೂ ಡ್ರೈವರ್ ಒಂದೇ ಇಟ್ಟುಕೊಂಡು ಮನೆಯಲ್ಲಿ ಮಾಡುವ ಕೆಲಸ ಇದಲ್ಲ.

ಲೋ ಲೆವೆಲ್ ಫಾರ್ಮ್ಯಾಟ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸರ್ವೋ ಗುರುತುಗಳನ್ನು ಡಿಸ್ಕ್ ತಯಾರಾಗುವಾಗ ಕಾರ್ಖಾನೆಯಲ್ಲೇ ಬರೆಯುತ್ತಾರೆ. ಈಗ ಆ ಹೆಸರಿನಲ್ಲಿ ಸಿಗುವ ಸಾಫ್ಟ್‌ವೇರ್‌ಗಳು ಡೇಟಾದ ಮೇಲೆ ಸೊನ್ನೆಗಳನ್ನು ಬರೆಯುತ್ತವೆಯೇ ಹೊರತು ಆ ಗುರುತುಗಳನ್ನು ಮುಟ್ಟುವುದೂ ಇಲ್ಲ, ಹೊಸದಾಗಿ ಬರೆಯುವುದೂ ಇಲ್ಲ. ಡೇಟಾ ಬೇಕೆನ್ನುವವರಿಗೆ ಇದನ್ನು ಸೂಚಿಸಿರುವುದು ನನಗೆ ಅತ್ಯಂತ ನೋವು ತಂದ ಸಂಗತಿ.

ಇನ್ನೊಂದು ವಿಷಯವನ್ನು ತಮ್ಮ ಲೇಖನ ಪ್ರಸ್ತಾಪಿಸಿಯೇ ಇಲ್ಲ. ಹೆಡ್ಡನ್ನು ಟ್ರ್ಯಾಕ್‌ನಿಂದ ಕದಲಿಸಲು ಹೊರಗಿನ ಅದುರುವಿಕೆಯೂ ಸಾಕು. 2016ರ ಸೆಪ್ಟೆಂಬರ್‌ನಲ್ಲಿ ರುಮೇನಿಯಾದ ಬುಖಾರೆಸ್ಟ್‌ನ ಬ್ಯಾಂಕೊಂದರ ಡೇಟಾ ಕೇಂದ್ರದಲ್ಲಿ ಬೆಂಕಿ ನಂದಿಸುವ ವ್ಯವಸ್ಥೆಯ ಪರೀಕ್ಷೆ ನಡೆದಾಗ, ಅನಿಲ ಹೊರನುಗ್ಗಿದ ಸದ್ದಿನ ಕಂಪನಕ್ಕೇ ಹಾರ್ಡ್ ಡಿಸ್ಕ್‌ಗಳು ಕೆಟ್ಟು, ಬ್ಯಾಂಕಿನ ಕಾರ್ಡ್ ಮತ್ತು ಎಟಿಎಂ ಸೇವೆಗಳು ಗಂಟೆಗಟ್ಟಲೆ ನಿಂತಿದ್ದವು. ನಮ್ಮ ಕಡೆ ಅಡಿಕೆ ಸುಲಿಯುವ ಯಂತ್ರವಿರುವ ಶೆಡ್‌ಗಳಲ್ಲಿ ಸಿಸಿ ಕ್ಯಾಮೆರಾದ ದೃಶ್ಯಗಳನ್ನು ಹಾರ್ಡ್ ಡಿಸ್ಕ್‌ನಲ್ಲಿ ದಾಖಲಿಸುವ ಡಿವಿಆರ್ ಪೆಟ್ಟಿಗೆಯನ್ನು ಅದೇ ತಗಡಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿರುತ್ತಾರೆ. ಸುಗ್ಗಿಯ ತಿಂಗಳುಗಳಲ್ಲಿ ಅಂಥ ಪೆಟ್ಟಿಗೆಗಳ ಡಿಸ್ಕ್‌ಗಳು ನನ್ನ ಮೇಜಿಗೆ ಸಾಲಾಗಿ ಬರುತ್ತವೆ, ಕಳ್ಳತನವಾದ ರಾತ್ರಿಯ ದೃಶ್ಯವೇ ಇಲ್ಲವೆಂದು ರೈತರು ಕಂಗಾಲಾಗುತ್ತಾರೆ. ಪೆಟ್ಟಿಗೆಯನ್ನು ಮನೆಯೊಳಗಿನ ಕಲ್ಲಿನ ಗೂಡಿಗೋ ಗಟ್ಟಿ ಗೋಡೆಯ ಕಪಾಟಿಗೋ ಬದಲಿಸಿದವರಲ್ಲಿ ಹಲವರು ಮತ್ತೆ ಬಂದಿಲ್ಲ.

ಆದ್ದರಿಂದ, ಪುರವಣಿಯ ಅದೇ ಅಂಕಣದಲ್ಲಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ ತಿದ್ದುಪಡಿಯೊಂದನ್ನು ಪ್ರಕಟಿಸಬೇಕೆಂದು ಕೋರುತ್ತೇನೆ. ಹಾರ್ಡ್ ಡಿಸ್ಕ್ ಟಿಕ್ ಟಿಕ್ ಎಂದರೆ ಕೂಡಲೇ ಅದರ ವಿದ್ಯುತ್ ಸಂಪರ್ಕ ತೆಗೆಯಬೇಕು, ಮತ್ತೆ ಆನ್ ಮಾಡಿ ಪರೀಕ್ಷಿಸಬಾರದು, ಬಿಚ್ಚಬಾರದು, ತಣ್ಣಗಾಗಿಸಬಾರದು, ಅದರದೇ ಬೋರ್ಡ್ ಸಮೇತ ಧೂಳುರಹಿತ ಕೊಠಡಿಯಿರುವ ಪ್ರಯೋಗಾಲಯಕ್ಕೆ ಒಯ್ಯಬೇಕು ಎಂಬಷ್ಟನ್ನು ಅದರಲ್ಲಿ ಹೇಳಿದರೆ ಸಾಕು. ಲೇಖನದ ಹಾಳೆಯನ್ನು ಕತ್ತರಿಸಿಟ್ಟುಕೊಂಡು ಬಂದ ಇಬ್ಬರನ್ನು ಈ ವಾರವೇ ನನ್ನ ಅಂಗಡಿಯಲ್ಲಿ ಕಂಡಿದ್ದೇನೆ. ಒಬ್ಬರು ಆಗಲೇ ಫ್ರೀಜರ್ ಖಾಲಿ ಮಾಡಿಟ್ಟು ಬಂದಿದ್ದರು.

ಇಂತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ದುರಸ್ತಿಗಾರ, ಶಿವಮೊಗ್ಗ